ಬೆರಳಿನ ಅಕ್ಷರ, ಕಿವಿಯ ಅಕ್ಷರ

ಯಲ್ಲಾಪುರ ಸೀಮೆಯ ಅಡಿಕೆತೋಟದ ಮನೆಗಳ ಜಗಲಿಯಲ್ಲಿ ತಾಳಮದ್ದಳೆ ನಡೆಯುವಾಗ, ವೇಷವಾಗಲಿ ಕುಣಿತವಾಗಲಿ ಇಲ್ಲದ ಆ ಕಲೆಯಲ್ಲಿ ಭಾಗವತರ ಪದವನ್ನೂ ಅರ್ಥಧಾರಿಯ ವಾದವನ್ನೂ ಕಿವಿಯೊಂದರಿಂದಲೇ ಗ್ರಹಿಸಬಹುದಾದುದರಿಂದ, ಕಣ್ಣಿಲ್ಲದವನೂ ಅಲ್ಲಿ ಪೂರ್ಣರಸಿಕನೇ ಆಗಿದ್ದನು. ಗ್ರಂಥದ ಬಾಗಿಲು ಮಾತ್ರ ಅವನಿಗೆ ಮುಚ್ಚಿದ್ದಿತು.

ಮೈಸೂರಿನಲ್ಲಿ 1901ರಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ತೆರೆಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ, ಎರಡು ಸಾಲಿನ ಉಬ್ಬುಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಭಾರತಿ ಬ್ರೈಲ್ ಲಿಪಿಯು ಅಂಗೀಕೃತವಾಯಿತು. ಅದರಲ್ಲಿ ‘ಅ’ಕಾರಕ್ಕೆ ಒಂದೇ ಚುಕ್ಕೆ, ‘ಕ’ಕಾರಕ್ಕೆ ಎಡಸಾಲಿನ ಮೇಲಿನದೊಂದು, ಕೆಳಗಿನದೊಂದು; ಅಚ್ಚಿನಲ್ಲಿ ಅಕ್ಷರದ ಮೈಗೆ ಅಂಟಿಕೊಂಡಿರುವ ದೀರ್ಘವೂ ಕೊಂಬೂ ಇಲ್ಲಿ ವ್ಯಂಜನದ ಬಲಕ್ಕೆ ಬೇರೆಯಾಗಿಯೇ ನಿಲ್ಲುವುವು.

ಗಣಕಯಂತ್ರವು ಬಂದಾಗ ಈ ಸೌಕರ್ಯವು ಹೆಚ್ಚಬೇಕಾಗಿದ್ದಿತು. ಆದರೆ ಯೂನಿಕೋಡಲ್ಲದ ಫಾಂಟುಗಳಲ್ಲಿ ಕನ್ನಡವು ಪರದೆಯ ಮೇಲಿನ ಚಿತ್ರವಷ್ಟೇ ಆಗಿ, ಒಳಗೆ ರೋಮನ್ ಅಕ್ಷರಗಳ ಸಂಕೇತಗಳೇ ಅಡಗಿದ್ದುದರಿಂದ, ಪರದೆಯನ್ನೋದುವ ತಂತ್ರಾಂಶವು ಅಚ್ಚಗನ್ನಡದ ಸುತ್ತೋಲೆಯನ್ನೂ ಅರ್ಥಹೀನ ಧ್ವನಿಗಳಾಗಿ ಉಚ್ಚರಿಸುತ್ತಿದ್ದಿತು. ಇದನ್ನು ಯಂತ್ರದೋಷವೆನ್ನಲು ನನಗೆ ಮನಸ್ಸಿಲ್ಲ, ಅನ್ಯಾಯವೆಂದೇ ಕರೆಯುತ್ತೇನೆ. 1991ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತಾದರೂ ಬಳಕೆ ತಡವಾಯಿತು. ಇಂದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡ ಪುಟವನ್ನು ಓದುತ್ತದೆ. ಸ್ವರವು ಯಾಂತ್ರಿಕವಾದರೂ, ಮನೆಯವರ ಬಿಡುವಿಗಾಗಿ ಕಾಯದೆ, ಬೇಕಾದ ಸಾಲನ್ನು ಮತ್ತೊಮ್ಮೆ ಓದಿಸಿಕೊಳ್ಳಬಹುದು.