ಸತ್ಯವಾದರೆ ಸಾಕೆ? ಮಾನನಷ್ಟ ಕಾನೂನಿನ ಚರಿತ್ರೆ

ಮನುಷ್ಯನು ಗಳಿಸುವ ಸಂಪತ್ತುಗಳಲ್ಲಿ ಮಾನವು ಮೊದಲನೆಯದು. ವ್ಯಾಪಾರಿಗಂತೂ ಅದೇ ಮೂಲಧನ. ಆದುದರಿಂದ ಪರರ ಮಾನವನ್ನು ಮಾತಿನಿಂದ ಕಳೆಯುವವರನ್ನು ತಡೆಯುವ ಕಾನೂನು ಅವಶ್ಯಕ. ಆದರೆ ಅಂತಹ ಮಾತು ಹಣದಿಂದ ತೀರಿಸಬೇಕಾದ ಋಣವೋ, ಸೆರೆವಾಸಕ್ಕೆ ಅರ್ಹವಾದ ಅಪರಾಧವೋ? ಆಡಿದ್ದು ಸತ್ಯವೇ ಆಗಿದ್ದರೆ ಗತಿಯೇನು? ಈ ಎರಡು ಪ್ರಶ್ನೆಗಳ ಸುತ್ತಲೇ ಈ ಕಾನೂನಿನ ಚರಿತ್ರೆ ಸಾಗಿ ಬಂದಿದೆ.

ಇಂಗ್ಲೆಂಡಿನಲ್ಲಿ 1605ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯವು, ಮಾನಹಾನಿಕರ ಬರಹವು ಶಾಂತಿಭಂಗಕ್ಕೆ ಕಾರಣವಾಗುವುದರಿಂದ ಅದು ದಂಡನೀಯವೆಂದೂ, ಅದರ ಸತ್ಯಾಸತ್ಯತೆ ಗಣನೀಯವಲ್ಲವೆಂದೂ ಸಾರಿತು. ನಿಂದೆಯು ನಿಜವಾದಷ್ಟೂ ಕೋಪ ಹೆಚ್ಚು ಕೆರಳುತ್ತದೆ ಎಂಬುದು ಇದರ ಹಿಂದಿನ ತರ್ಕ. 1843ರ ಕಾಯಿದೆಯಿಂದ ಮಾತ್ರ, ಸತ್ಯವನ್ನು ಲೋಕಹಿತಕ್ಕಾಗಿ ಪ್ರಕಟಿಸಿದವನಿಗೆ ಕ್ರಿಮಿನಲ್ ಮೊಕದ್ದಮೆಯಲ್ಲಿ ರಕ್ಷಣೆ ದೊರೆಯಿತು.

ಭಾರತದಲ್ಲಿ ಮೆಕಾಲೆಯ ನೇತೃತ್ವದ ಕಾನೂನು ಆಯೋಗವು 1837ರಲ್ಲಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿತು. ನಿಜವಾದುದನ್ನು ಹೇಳುವುದು ಮಾನನಷ್ಟವಲ್ಲವೆಂದು ಆ ಕರಡು ನಿಸ್ಸಂದಿಗ್ಧವಾಗಿ ಒಪ್ಪಿತ್ತು. ಆದರೆ 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡಸಂಹಿತೆಯ 499ನೇ ಕಲಮಿನಲ್ಲಿ ಒಂದು ಷರತ್ತು ಸೇರಿತು: ಮಾತು ಸತ್ಯವಾಗಿದ್ದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. 500ನೇ ಕಲಮು ಎರಡು ವರ್ಷಗಳವರೆಗಿನ ಸಾದಾ ಸೆರೆವಾಸವನ್ನು ವಿಧಿಸಿತು. ಪರಿಹಾರ ಕೋರುವ ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಸಮರ್ಥನೆಗೆ ಸಾಕು. ಸೆರೆಮನೆಯ ಭಯವಿರುವ ಕ್ರಿಮಿನಲ್ ಮೊಕದ್ದಮೆಯಲ್ಲಿ ಅದು ಸಾಲದು. ಮೇಲಾಗಿ, ತನ್ನ ಮಾತು ವಿನಾಯಿತಿಗೆ ಒಳಪಡುತ್ತದೆಂದು ತೋರಿಸುವ ಹೊಣೆಯೂ ಆಪಾದಿತನದೇ.

ಮುದ್ರಣಾಲಯ, ಪತ್ರಿಕೆ ಕೆಲವರ ಕೈಯಲ್ಲಿದ್ದ ಕಾಲದಲ್ಲಿ ಈ ಕಲಮು ಹೆಚ್ಚಾಗಿ ತಟ್ಟುತ್ತಿದ್ದುದು ಸಂಪಾದಕರಿಗೆ ಹಾಗೂ ಲೇಖಕರಿಗೆ. ಇಂಟರ್‌ನೆಟ್ಟು ಬಂದ ಮೇಲೆ ಮೊಬೈಲ್ ಹಿಡಿದ ಪ್ರತಿಯೊಬ್ಬನೂ ಪ್ರಕಾಶಕನಾದನು. ವಿದ್ಯುನ್ಮಾನ ಸಂದೇಶಗಳಿಗಾಗಿಯೇ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿಸಿದ 66ಎ ಕಲಮು 2009ರಲ್ಲಿ ಜಾರಿಗೆ ಬಂದಿತು. ಕಿರಿಕಿರಿ ಉಂಟುಮಾಡುವ ಸುಳ್ಳು ಸಂದೇಶಕ್ಕೂ, ತೀವ್ರವಾಗಿ ನೋಯಿಸುವ ಸಂದೇಶಕ್ಕೂ ಅದು ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತಿತ್ತು. 2012ರ ನವೆಂಬರಿನಲ್ಲಿ ಬಾಳ ಠಾಕ್ರೆಯವರ ನಿಧನಾನಂತರ ಮುಂಬಯಿ ಸ್ತಬ್ಧವಾದುದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಪಾಲಘರ್‌ನ ಯುವತಿಯೊಬ್ಬಳನ್ನೂ, ಅದನ್ನು ಮೆಚ್ಚಿದ ಅವಳ ಗೆಳತಿಯನ್ನೂ ಬಂಧಿಸಲಾಯಿತು. ಇದರಿಂದ ನೊಂದ ಶ್ರೇಯಾ ಸಿಂಘಾಲ್ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಆ ಕಲಮಿನ ಪದಗಳು ಅಸ್ಪಷ್ಟವಾಗಿದ್ದು ಸಂವಿಧಾನದ 19ನೇ ಅನುಚ್ಛೇದಕ್ಕೆ ವಿರುದ್ಧವೆಂದು ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು.

ಆದರೆ ಹಳೆಯ ಕಲಮು ಉಳಿಯಿತು. 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಮಾನವೂ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ಹೇಳಿ 499ನೇ ಕಲಮನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಅದೇ ವಿಧಿಯು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿ ಮುಂದುವರಿದಿದೆ. ಸಮುದಾಯ ಸೇವೆಯೆಂಬ ಲಘು ಶಿಕ್ಷೆಯೊಂದು ಹೊಸದಾಗಿ ಸೇರಿದೆ. ಇತ್ತ ಶ್ರೀಲಂಕಾ 2002ರಲ್ಲಿ ಕ್ರಿಮಿನಲ್ ಮಾನನಷ್ಟವನ್ನು ತೆಗೆದುಹಾಕಿತು. ಈ ಕಾನೂನಿನ ತವರಾದ ಇಂಗ್ಲೆಂಡಿನಲ್ಲಿಯೂ 2010ರ ಜನವರಿಯಲ್ಲಿ ಅದು ಅಂತ್ಯ ಕಂಡಿತು. ಕೊಟ್ಟವರು ಬಿಟ್ಟರು, ಪಡೆದವರು ಉಳಿಸಿಕೊಂಡರು.

ಸುಳ್ಳು ನಿಂದೆಯು ಕ್ಷಣಾರ್ಧದಲ್ಲಿ ಸಾವಿರಾರು ಮನೆಗಳನ್ನು ತಲಪುವ ಈ ಕಾಲದಲ್ಲಿ ಮಾನದ ರಕ್ಷಣೆ ಬೇಡವೆನ್ನಲಾಗದು. ಆದರೆ ಅಳಿದ ಮಾನಕ್ಕೆ ಪರಿಹಾರವನ್ನೂ ಕ್ಷಮಾಯಾಚನೆಯನ್ನೂ ಸಿವಿಲ್ ದಾವೆಯಿಂದ ಕೇಳಬಹುದು. ಹಣವುಳ್ಳವನು ಕ್ರಿಮಿನಲ್ ದೂರು ಕೊಟ್ಟರೆ, ನಿಜವನ್ನಾಡಿದ ಬಡವನು ಕೊನೆಗೆ ಗೆದ್ದರೂ ವರ್ಷಗಟ್ಟಲೆ ಅಲೆಯಬೇಕಾದೀತು. ಆ ಅಲೆದಾಟವೇ ಅವನಿಗೆ ಶಿಕ್ಷೆ. ಅವನನ್ನು ಕಂಡ ಇತರರು ಬಾಯಿ ಮುಚ್ಚಿಕೊಳ್ಳುವರು.

‘ಇದು ಸತ್ಯವೇ? ಇದರಿಂದ ಯಾರಿಗಾದರೂ ಹಿತವಿದೆಯೇ?’ ಎಂಬ ಎರಡು ಪ್ರಶ್ನೆಗಳನ್ನು ಸಂದೇಶ ಕಳುಹಿಸುವ ಮೊದಲು ತನಗೆ ತಾನೇ ಕೇಳಿಕೊಳ್ಳುವುದು ಉತ್ತಮ ಶೀಲ. ತನಗೆ ತಾನೇ ಹಾಕಿಕೊಂಡಾಗ ಶೋಭಿಸುವ ಇದೇ ನಿಯಮವು ಸೆರೆಮನೆಯ ಕೀಲಿಕೈಯಾದಾಗ, ಸತ್ಯವಂತನೂ ಮೌನಕ್ಕೆ ಶರಣಾಗುವನು. 1837ರ ಕರಡು ಸತ್ಯದ ಮೇಲೆ ಇಟ್ಟಿದ್ದ ವಿಶ್ವಾಸವು ಮರುವಿಮರ್ಶೆಗೆ ಅರ್ಹವಾಗಿದೆ.