ಕನ್ನಡ ಕಾವ್ಯದಲ್ಲಿ ಏಕಾಂತಸುಖವೂ ಗ್ರಾಮಜೀವನವೂ

ಸೊಕ್ಕಿದ್ದವನು ಯಾಣಕ್ಕೂ ರೊಕ್ಕವಿದ್ದವನು ಗೋಕರ್ಣಕ್ಕೂ ಹೋಗುವನೆಂಬ ಗಾದೆಯೊಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಸಿದ್ಧವಾಗಿದೆ. ಇಲ್ಲಿ ಸೊಕ್ಕೆಂದರೆ ದೇಹಬಲ. ಕುಮಟಾ ತಾಲೂಕಿನ ಸಹ್ಯಾದ್ರಿಯ ದಟ್ಟಡವಿಯಲ್ಲಿ, ಸುಮಾರು ೧೨೦ ಮೀಟರು ಎತ್ತರದ ಭೈರವೇಶ್ವರ ಶಿಖರವೂ ೯೦ ಮೀಟರಿನ ಮೋಹಿನೀ ಶಿಖರವೂ ಕರಿಯ ಸುಣ್ಣಕಲ್ಲಿನ ಬಂಡೆಗಳಾಗಿ ನಿಂತಿವೆ. ಇಂತಹ ಸ್ಥಳವನ್ನು ನೆನೆದೊಡನೆ ಏಕಾಂತವೂ ಹಳ್ಳಿಯ ಸರಳ ಬಾಳೂ ಒಂದೇ ಸುಖದ ಎರಡು ಮುಖಗಳೆಂದು ತೋರುವುದು ಸಹಜ. ಆದರೆ ಕಾವ್ಯವು ಈ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ಸಮರ್ಥಿಸುವುದೆಂಬುದು ವಿಚಾರಾರ್ಹವಾಗಿದೆ.

ಯಾಣಕ್ಕೆ ಪೂರ್ವದಲ್ಲಿ, ಸಿರ್ಸಿ ತಾಲೂಕಿನಲ್ಲಿರುವ ಬನವಾಸಿಯನ್ನು ಪಂಪನು ಹಾಡಿ ಹೊಗಳಿದುದು ಸರ್ವವಿದಿತ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಕವಿಯು ೯೪೧ರ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನನ್ನು ಆ ನಾಡಿಗೆ ಬರಮಾಡುತ್ತಾನೆ. ಅಲ್ಲಿ ಮನುಷ್ಯನಾಗಿ ಹುಟ್ಟುವುದು ಸಾಧ್ಯವಾಗದಿದ್ದರೆ ತುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂಬ ಹಂಬಲವು ಅಲ್ಲಿಯದೇ. ಈ ಪದ್ಯಗಳನ್ನು ವನಪ್ರೇಮದ ಉದಾಹರಣೆಯೆಂದು ಬೋಧಿಸುವುದುಂಟು, ಅದು ತಪ್ಪಲ್ಲ. ಆದರೆ ಕವಿಯು ಆ ನಾಡಿನ ಜನರಿಗೆ ಸಲ್ಲಿಸುವ ಸುಖಗಳು ತ್ಯಾಗ, ಭೋಗ, ವಿದ್ಯೆ, ಗಾನ, ಸಜ್ಜನರ ಕೂಟ ಇವು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಪೂರ್ಣವಾಗತಕ್ಕುದಲ್ಲ. ಪಂಪನು ಬಯಸಿದುದು ನಿರ್ಜನತೆಯನ್ನಲ್ಲ, ತಾನು ದೂರವಾದ ಸಜ್ಜನಸಹವಾಸವನ್ನು.

೧೨ನೆಯ ಶತಮಾನದ ಅಕ್ಕಮಹಾದೇವಿಯಲ್ಲಿ ಅಡವಿಯು ಬೇರೊಂದು ಅರ್ಥವನ್ನು ಪಡೆಯುತ್ತದೆ. ಆಕೆಯು ಹಕ್ಕಿಗಳನ್ನೂ ತುಂಬಿಗಳನ್ನೂ ಕೇಳುವುದು ತನ್ನ ಇನಿಯನಾದ ಚೆನ್ನಮಲ್ಲಿಕಾರ್ಜುನನ ಸುಳಿವನ್ನು. ಇದು ವಿರಹವೇ ಹೊರತು ವಿರಾಮವಲ್ಲ. ಬೆಟ್ಟದ ಮೇಲಾಗಲಿ ಸಂತೆಯ ನಡುವಾಗಲಿ ಮನೆಮಾಡಿದವರು ಅಲ್ಲಿಯ ಮೃಗಗಳಿಗೂ ಶಬ್ದಕ್ಕೂ ಅಂಜಬಾರದೆಂಬುದು ಆಕೆಯ ಪ್ರಸಿದ್ಧ ವಚನದ ಆಶಯ. ಅದರಂತೆ ಶಾಂತಿಯು ಸ್ಥಳದಿಂದ ದೊರೆಯತಕ್ಕ ವಸ್ತುವಲ್ಲ, ಮನಸ್ಸಿನಿಂದ ಸಾಧಿಸತಕ್ಕುದು.

ನಿಸರ್ಗದೊಡನೆ ಒಬ್ಬನೇ ಇರುವುದನ್ನೇ ಆನಂದವೆಂದು ವಿಸ್ತಾರವಾಗಿ ಹಾಡಿದ ಕೀರ್ತಿಯು ನವೋದಯಕ್ಕೆ, ವಿಶೇಷವಾಗಿ ಕುವೆಂಪು ಅವರಿಗೆ, ಸಲ್ಲುತ್ತದೆ. ಆದರೆ ೧೯೩೦ರ ‘ಕೊಳಲು’ ಸಂಕಲನವು ಹೊರಬಂದ ಕಾಲದಲ್ಲಿ ಕವಿಯ ವಾಸ ಮೈಸೂರಿನಲ್ಲಿ. ಮಲೆನಾಡು ರಜೆಯಲ್ಲಿ ಮರಳುವ ಊರಾಗಿತ್ತು. ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೂ ಕುವೆಂಪು ಅವರ ಹೆಸರಿನೊಡನೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಇವರ ಹೆಸರುಗಳು ಕೆತ್ತಲ್ಪಟ್ಟಿವೆ. ಏಕಾಂತದ ಆ ಪೀಠವೇ ಸ್ನೇಹದ ಸಾಕ್ಷಿಯನ್ನು ಹೊತ್ತಿರುವುದು ಗಮನಾರ್ಹ.

ಇನ್ನು ಯಾಣದ ಸುತ್ತಣ ಸೀಮೆಯ ಹಾಡುಗಳನ್ನು ನೋಡಬೇಕು. ಕುಮಟಾ, ಅಂಕೋಲಾ, ಹೊನ್ನಾವರ ತಾಲೂಕುಗಳ ಹಾಲಕ್ಕಿ ಒಕ್ಕಲಿಗರಲ್ಲಿ ಹಾಡು ಮೇಳದ ಸೊತ್ತು. ಸುಗ್ಗಿಯ ಕುಣಿತಕ್ಕೆ ತಂಡ ಬೇಕು, ಗುಮಟೆಯ ಬಡಿತಕ್ಕೆ ದನಿಗೂಡಿಸುವವರು ಬೇಕು. ಮದುವೆಯ ಹಾಡಿಗೆ ಸೊಲ್ಲೆತ್ತುವವಳೊಬ್ಬಳಾದರೆ ಒಪ್ಪಿಸಿಕೊಳ್ಳುವವರು ಹಲವರು. ೨೦೧೭ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ (೧೯೩೭–೨೦೨೫) ಅವರು ನೂರಾರು ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡುದು ಇಂತಹ ಬಳಕೆಯಿಂದಲೇ. ಒಕ್ಕಲಿನ ಬಾಳಿಗೆ ಏಕಾಂತವು ದುರ್ಲಭ. ಅದನ್ನು ಆ ಹಾಡು ಹಂಬಲಿಸಿದುದೂ ವಿರಳ. ನಿರ್ಜನವೆನಿಸುವ ಯಾಣವೂ ಶಿವರಾತ್ರಿಯಲ್ಲಿ ಯಾತ್ರಿಕರಿಂದ ತುಂಬುತ್ತದೆ.

ಆದುದರಿಂದ ಏಕಾಂತಸುಖವನ್ನೂ ಗ್ರಾಮಸುಖವನ್ನೂ ಒಂದೇ ಎಂದೆಣಿಸುವುದು ಸಾಧುವಲ್ಲ. ಮೊದಲನೆಯದು ಬಹುಮಟ್ಟಿಗೆ ಊರನ್ನು ಬಿಟ್ಟವನ ಕಾವ್ಯ. ಎರಡನೆಯದು ಊರಿನಲ್ಲೇ ಉಳಿದವರ ಹಾಡು. ಈ ಭೇದವನ್ನು ಮರೆತರೆ ವಿದ್ಯಾರ್ಥಿಯು ಕವಿಯ ಹಂಬಲವನ್ನೇ ಒಕ್ಕಲಿಗನ ಅನುಭವವೆಂದು ಭ್ರಮಿಸುವನು, ಆ ಒಕ್ಕಲಿನ ದುಡಿಮೆಯು ಅವನ ಕಣ್ಣಿಗೆ ಬೀಳದು. ಪದ್ಯವನ್ನು ಪಾಠಹೇಳುವ ಮುನ್ನ ಕವಿಯು ಎಲ್ಲಿ ನಿಂತು ಹಾಡಿದನು, ಅವನ ಜೊತೆಗೆ ಯಾರಿದ್ದರು ಎಂಬುದನ್ನು ವಿಚಾರಿಸುವುದು ಅಧ್ಯಾಪಕರಿಗೆ ಉಚಿತವಾದ ಕ್ರಮ.