ಹಳೆಯ ಛಾಯಾಚಿತ್ರಗಳಲ್ಲಿಯ ಮೋಟಾರು ಬಂಡಿಗಳು

ಮನೆತನದ ಪೆಟ್ಟಿಗೆಗಳಲ್ಲಿ ದೊರೆಯುವ ಹಳೆಯ ಛಾಯಾಚಿತ್ರಗಳಿಗೆ ತೇದಿಯಿರುವುದು ವಿರಳ. ಹಿರಿಯರ ಹಿಂದೆ ಮೋಟಾರು ಬಂಡಿಯೊಂದು ನಿಂತಿದ್ದರೆ ಅದೇ ಶಾಸನದಂತೆ ಸಾಕ್ಷಿ ನುಡಿಯುವುದು. ಫೋರ್ಡ್ ಕಾರಖಾನೆಯ ‘ಟಿ’ ಮಾದರಿಯು 1908ರಿಂದ 1927ರ ವರೆಗೆ ಒಂದೂವರೆ ಕೋಟಿಯಷ್ಟು ನಿರ್ಮಾಣವಾಯಿತು. ಮುಂಭಾಗದ ರೇಡಿಯೇಟರಿನ ಕವಚವು ಹಿತ್ತಾಳೆಯದಾಗಿದ್ದರೆ ಆ ಬಂಡಿಯು 1917ರ ಮಾದರಿಗಿಂತ ಹಿಂದಿನದು. ಆ ಮಾದರಿಯಿಂದ ಕವಚವು ಕರಿಯ ಬಣ್ಣದ್ದಾಯಿತು.

ಆದರೆ ಎಡವುವವರು ಇಲ್ಲಿಯೇ ಹೆಚ್ಚು. ಬಂಡಿಯ ವರ್ಷವೇ ಚಿತ್ರದ ವರ್ಷವಲ್ಲ. ಚಿತ್ರವು ಅದಕ್ಕಿಂತ ಹಿಂದಿನದಾಗಲಾರದೆಂಬಷ್ಟೇ ಸಿದ್ಧವಾಗುವುದು. ಬಂಡಿಯು ಹತ್ತಾರು ವರ್ಷ ಓಡಿದ ಬಳಿಕವೂ ಚಿತ್ರವನ್ನು ತೆಗೆದಿರಬಹುದು. ಪರರ ಬಂಡಿಗೆ ಒರಗಿ ನಿಂತ ಅಜ್ಜಂದಿರೂ ಉಂಟು! ಕೆನಡಾದಿಂದ ಭಾರತಕ್ಕೆ ಬಂದ ಫೋರ್ಡುಗಳಿಗೆ ಚುಕ್ಕಾಣಿಚಕ್ರವು ಬಲಗಡೆಗೆ. ಅದು ಎಡಗಡೆ ಕಂಡುಬಂದಲ್ಲಿ ಚಿತ್ರವು ತಿರುವುಮುರುವಾಗಿ ಅಚ್ಚಾಗಿದೆಯೋ ಎಂದು ಅಂಗಿಯ ಗುಂಡಿಗಳನ್ನೂ ಪರೀಕ್ಷಿಸತಕ್ಕುದು.